ಫೋಟೊ ತೆರೆದರೆ ಫೋನ್ ಹ್ಯಾಕ್ ಆಗುತ್ತದೆಯೇ?

ಇಂಥ ಹೆಸರಿನ ಫೋಟೊ ತೆರೆದರೆ ಕ್ಷಣದಲ್ಲೇ ಫೋನ್ ಹ್ಯಾಕ್ ಆಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳಿಸುವವರ ಕಾಳಜಿ ನಿಜ, ಮಾಹಿತಿ ತಪ್ಪು. ಫೋಟೊ ತಾನಾಗಿ ಓಡುವ ಪ್ರೋಗ್ರಾಂ ಅಲ್ಲ. ಚಿತ್ರ ತೋರಿಸುವ ತಂತ್ರಾಂಶದ ದೋಷ ಬಳಸಿಕೊಳ್ಳುವ ದಾಳಿಗಳುಂಟು, ಆದರೆ ಅಪರೂಪ. ಅದಕ್ಕೇ ಅಪ್‌ಡೇಟ್ ಮುಂದೂಡಬೇಡಿ.

ಹೆಚ್ಚು ಜನ ಹಣ ಕಳೆದುಕೊಳ್ಳುವ ದಾರಿ ಬೇರೆ. ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಎಂದು ಬರುವ ಫೈಲಿನ ಹೆಸರಿನ ಕೊನೆ ನೋಡಿ. ‘.apk’ (ಎಪಿಕೆ) ಎಂದಿದ್ದರೆ ಅದು ಆ್ಯಪ್. ಒತ್ತಿದರೆ ಆಂಡ್ರಾಯ್ಡ್ ಇನ್‌ಸ್ಟಾಲ್‌ಗೆ ಅನುಮತಿ ಕೇಳುತ್ತದೆ. ಆಮೇಲೆ ಆ ಆ್ಯಪ್ ಎಸ್ಸೆಮ್ಮೆಸ್ ಓದಲು ಒಪ್ಪಿಗೆ ಬೇಡುತ್ತದೆ. ಕೊಟ್ಟರೆ ಒಟಿಪಿ ವಂಚಕರ ಕೈಗೆ.

ಎಚ್ಚರಿಕೆ ಸಂದೇಶ ಬಂದರೆ ಅದರ ಮೊದಲ ಸಾಲನ್ನು ಗೂಗಲ್‌ನಲ್ಲಿ ಹುಡುಕಿ. ಹಳೆಯದಾದರೆ ವರ್ಷಗಳ ಹಿಂದಿನ ಪ್ರತಿಗಳೇ ಸಿಗಬಹುದು. ಎಪಿಕೆ ಹಾಕಿಕೊಂಡುಬಿಟ್ಟಿದ್ದರೆ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ.