ಎಲ್ ಸಿದ್ ಶವ ಯುದ್ಧ ಗೆದ್ದಿದ್ದು ನಿಜವಲ್ಲ

ಸ್ಪೇನಿನ ಕ್ಯಾಸ್ಟೈಲ್ ರಾಜ್ಯದ ಸೇನಾನಿ ಎಲ್ ಸಿದ್, ಅಂದರೆ ರೊದ್ರೀಗೊ ದೀಯಾಸ್ ಬಗ್ಗೆ ಒಂದು ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಸತ್ತ ಮೇಲೆ ಹೆಂಡತಿ ಅವನ ಶವಕ್ಕೆ ಕವಚ ತೊಡಿಸಿ ಕುದುರೆ ಮೇಲೆ ಕಟ್ಟಿ ಕೂರಿಸಿದಳು, ಶತ್ರುಗಳು ಹೆದರಿ ಓಡಿದರು ಅಂತ. ಕಥೆ ಸೊಗಸಾಗಿದೆ, ಆದರೆ ಇತಿಹಾಸ ಅಲ್ಲ.

ಅವನು ಸತ್ತಿದ್ದು 1099ರಲ್ಲಿ, ತಾನೇ ಗೆದ್ದು ಆಳುತ್ತಿದ್ದ ವಲೆನ್ಸಿಯಾದಲ್ಲಿ. ಯುದ್ಧದಲ್ಲಿ ಅಲ್ಲ. ಹೆಂಡತಿ ಹಿಮೇನಾ ಮುಂದೆ ಸುಮಾರು ಮೂರು ವರ್ಷ ಊರನ್ನು ಕೈಬಿಡಲಿಲ್ಲ. ನನಗೆ ಕೇಳಿದರೆ ಕುದುರೆ ಕಥೆಗಿಂತ ಇದೇ ದೊಡ್ಡದು! 1102ರಲ್ಲಿ ಉತ್ತರ ಆಫ್ರಿಕಾದ ಮುಸ್ಲಿಂ ರಾಜವಂಶ ಅಲ್ಮೊರಾವಿದ್‌ನ ಸೇನೆ ಮುತ್ತಿಗೆ ಹಾಕಿದ್ದಾಗ ಕ್ಯಾಸ್ಟೈಲ್‌ನ ರಾಜ ಆರನೇ ಅಲ್ಫೊನ್ಸೊ ನೆರವಿಗೆ ಬಂದ. ಊರು ಉಳಿಸಿಕೊಳ್ಳೋದು ಆಗದ ಮಾತು ಅನಿಸಿತು. ಬೆಂಕಿ ಹಚ್ಚಿ ಎಲ್ಲರೂ ಹೊರಟರು. ಶವವನ್ನು ಬುರ್ಗೋಸ್ ಹತ್ತಿರದ ಕಾರ್ದೆನ್ಯಾ ಮಠಕ್ಕೆ ಒಯ್ದರು.

ಎಲ್ ಸಿದ್ ಬಗ್ಗೆಯೇ ಬರೆದ 12ನೇ ಶತಮಾನದ ಲ್ಯಾಟಿನ್ ಚರಿತ್ರೆ 'ಹಿಸ್ಟೋರಿಯಾ ರೊಡೆರಿಚಿ'ಯಲ್ಲಿ ಶವದ ಸವಾರಿ ಇಲ್ಲವೇ ಇಲ್ಲ. ಆ ಕಥೆ ಬೆಳೆದಿದ್ದು ಆಮೇಲೆ, ಅದೇ ಮಠದ ಸುತ್ತ. 1961ರ ಹಾಲಿವುಡ್ ಸಿನಿಮಾ ಅದನ್ನು ಜಗತ್ತಿಗೆಲ್ಲ ಹಂಚಿತು.

ಇನ್ನೊಂದು, ಅದೇ ಮೆಸೇಜಿನ 'ಜೀವನಪೂರ್ತಿ ಮುಸ್ಲಿಮರ ವಿರುದ್ಧವೇ ಹೋರಾಡಿದ' ಅನ್ನೋ ಸಾಲೂ ತಪ್ಪು. 1081ರಲ್ಲಿ ಗಡಿಪಾರಾದ ಮೇಲೆ ವರ್ಷಗಟ್ಟಲೆ ಸರಗೋಸಾದ ಮುಸ್ಲಿಂ ದೊರೆಯ ಸೇನೆಯಲ್ಲೇ ಇದ್ದ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಬಂದ ಗ್ರೂಪಿಗೆ ಇದನ್ನು ಹಾಕಿ, ಸಾಕು.