ಆಟ ರದ್ದಾಯ್ತಂತೆ, ಯಾವ ಮೇಳದ್ದು?

2016ರ ಡಿಸೆಂಬರ್. ಮಂಗಳೂರು ಪಡೀಲಿನ ನಮ್ಮ ಭಾವ ಎಡಗೈಯಲ್ಲಿ ಫೋನು ಹಿಡಿದು ಊಟ ಮಾಡುತ್ತಿದ್ದವರು ತುತ್ತು ನಿಲ್ಲಿಸಿ, "ಛೇ, ಆಟ ರದ್ದಾಯ್ತು" ಅಂದರು.

ಅವರಮ್ಮ, ಅಂದರೆ ನಮ್ಮ ಅತ್ತೆ, ಅಡುಗೆಮನೆಯಿಂದಲೇ ಕೇಳಿದರು. "ಯಾವ ಮೇಳದ್ದು?"

ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ಉಳಿದದ್ದೆಲ್ಲ ಮಕ್ಕಳಾಟಿಕೆ. ಅತ್ತೆಯ ಲೆಕ್ಕದಲ್ಲಿ ಆಟ ನಿಲ್ಲುವುದಕ್ಕೆ ಇರುವುದು ಎರಡೇ ಕಾರಣ. ಒಂದು ಮಳೆ, ಇನ್ನೊಂದು ಸಾವು. ಡಿಸೆಂಬರಿನಲ್ಲಿ ಮಳೆ ಎಲ್ಲಿಂದ? ಹಾಗಾಗಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಯಾರು ತೀರಿಕೊಂಡದ್ದು?" ಅಂತ ಕೇಳಿದರು.

"ವೀ ಯು" ಅಂದರು ಭಾವ.

ಆ ಹೆಸರಿನ ಭಾಗವತರು ಅತ್ತೆಗೆ ನೆನಪಾಗಲಿಲ್ಲ.

ಅತ್ತೆಯ ತಪ್ಪೇನೂ ಇಲ್ಲ. ಅದು ರದ್ದಾಗುವ ಸೀಸನ್ನೇ ಆಗಿತ್ತು. ನವೆಂಬರ್ 8ರ ರಾತ್ರಿ 500, 1000ದ ನೋಟು ಹೋಗಿತ್ತು. ಅದೇ ತಿಂಗಳು ಕಂಬಳಕ್ಕೆ ಹೈಕೋರ್ಟಿನ ತಡೆ ಬಿದ್ದಿತ್ತು. ಕೋಣಗಳು ಹಟ್ಟಿಯಲ್ಲಿ ಹುರುಳಿ ತಿಂದುಕೊಂಡು ಸುಮ್ನೆ ನಿಂತಿದ್ದವು, ಜನ ಎಟಿಎಂ ಮುಂದೆ ನಿಂತಿದ್ದರು. ಈಗ ನೋಡಿದರೆ ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಒಂದು ವಿಡಿಯೋ ಗೇಮಿನ ವೀ ಯು ಆವೃತ್ತಿಗೂ ಅದೇ ಗತಿ. ವೀ ಯು ಅಂದರೆ ಭಾಗವತರಲ್ಲ, ನಿಂಟೆಂಡೋ ಕಂಪನಿಯ ಒಂದು ಗೇಮ್ ಯಂತ್ರ, ಟಿವಿಗೆ ಸಿಕ್ಕಿಸಿ ಆಡುವುದು.

ಗೇಮಿನ ಹೆಸರು ಯೂಕಾ-ಲೇಲೀ. ಯೂಕಾ ಒಂದು ಗೋಸುಂಬೆ, ಅದರ ತಲೆಯ ಮೇಲೆ ಕೂತ ಬಾವಲಿ ಲೇಲೀ. ಲೋಕದ ಪುಸ್ತಕಗಳನ್ನೆಲ್ಲ ಹೀರಿಕೊಳ್ಳಲು ಹೊರಟ ಜೇನ್ನೊಣ ವ್ಯಾಪಾರಿಯೊಬ್ಬ ಖಳ. ನಡುವೆ ಚಡ್ಡಿ ಹಾಕಿದ ಒಂದು ಹಾವು ಬಂದು ಹೊಸ ಹೊಸ ವಿದ್ಯೆ ಮಾರುತ್ತದೆ. ಭಾವ ಇಷ್ಟು ವಿವರಿಸಿದ ಮೇಲೆ ಅತ್ತೆ, "ಪ್ರಸಂಗ ಒಳ್ಳೆದುಂಟು, ಯಾಕೆ ನಿಲ್ಲಿಸಿದ್ದು?" ಅಂದರು.

ಇದು ಪ್ಲ್ಯಾಟ್‌ಫಾರ್ಮ್ ಜಾತಿಯ ಆಟ. ಗೊತ್ತಿಲ್ಲದವರು ಹಂಪನಕಟ್ಟೆಯಿಂದ ಸ್ಟೇಟ್ ಬ್ಯಾಂಕಿಗೆ ಒಮ್ಮೆ ಫುಟ್‌ಪಾತಿನಲ್ಲಿ ನಡೆದು ನೋಡಿ. ಒಂದು ಚಪ್ಪಡಿ ಇರುತ್ತದೆ, ಮುಂದಿನದ್ದು ಇರುವುದಿಲ್ಲ. ಇದ್ದದ್ದು ಅಲ್ಲಾಡುತ್ತದೆ. ನಡುವೆ ಬೈಕು, ಬೊಂಡದ ಗಾಡಿ, ವಿದ್ಯುತ್ ಪೆಟ್ಟಿಗೆ. ಹಾರಬೇಕು, ತಪ್ಪಿಸಬೇಕು, ಬೀಳಬಾರದು. ವ್ಯತ್ಯಾಸ ಇಷ್ಟೇ, ಟಿವಿಯ ಆಟದಲ್ಲಿ ಮೂರು ಜೀವ ಕೊಡುತ್ತಾರೆ.

ಭಾವನಿಗೆ ಈ ಹುಚ್ಚು ಹತ್ತಿದ್ದು ತೊಂಬತ್ತರ ದಶಕದಲ್ಲಿ. ಗಲ್ಫಿನಿಂದ ಬಂದ ಮಾವ ಟಿವಿಗೆ ಸಿಕ್ಕಿಸುವ ಒಂದು ಡಬ್ಬಿ ತಂದಿದ್ದರು, ಜೊತೆಗೊಂದು ಕ್ಯಾಸೆಟ್. ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿತ್ತು. ಒಳಗಿದ್ದದ್ದು ಹತ್ತೋ ಹದಿನೈದೋ. ಅದೇ ಮೇರಿಯೋ ಒಮ್ಮೆ ಕೆಂಪು ಅಂಗಿಯಲ್ಲಿ, ಒಮ್ಮೆ ಹಸಿರು ಅಂಗಿಯಲ್ಲಿ, ಬೇರೆ ಬೇರೆ ನಂಬರಿನಲ್ಲಿ ಬರುತ್ತಿದ್ದ. ಬಜೆಟ್ ಭಾಷಣ ಕೇಳುವಾಗ ಭಾವನಿಗೆ ಈಗಲೂ ಆ ಕ್ಯಾಸೆಟ್ ನೆನಪಾಗುತ್ತದಂತೆ.

1998ರಲ್ಲಿ ಬಾಂಜೋ-ಕಜೂಯೀ ಅಂತ ಒಂದು ಆಟ ಬಂದಿತ್ತು. ಕರಡಿ, ಅದರ ಬೆನ್ನಿನ ಚೀಲದಲ್ಲಿ ಹಕ್ಕಿ. ಆಗ ಅದನ್ನು ಮಾಡಿದ ತಂಡದ ಕೆಲವರು ಸೇರಿ ಪ್ಲೇಟೋನಿಕ್ ಎಂಬ ಕಂಪನಿ ಕಟ್ಟಿದರು. "ಹಳೇ ರುಚಿಯ ಆಟ ಮಾಡುತ್ತೇವೆ, ದುಡ್ಡು ಕೊಡಿ" ಅಂತ 2015ರ ಮೇ ತಿಂಗಳಲ್ಲಿ ಜನರ ಹತ್ತಿರವೇ ಕೇಳಿದರು. ಇದಕ್ಕೆ ಅವರಲ್ಲಿ ಕಿಕ್‌ಸ್ಟಾರ್ಟರ್ ಅನ್ನುತ್ತಾರೆ, ನಮ್ಮಲ್ಲಿ ವಂತಿಗೆ. ರಶೀದಿ ಪುಸ್ತಕ ಹಿಡಿದು ನಾಲ್ಕು ಜನ ಗೇಟಿಗೆ ಬಂದರೆ ನಮ್ಮ ಓಣಿಯ ನಾಯಿ ಬೊಗಳುವುದೂ ಇಲ್ಲ, ಅದಕ್ಕೂ ಅಭ್ಯಾಸವಾಗಿದೆ. ಅವರು ಕೇಳಿದ್ದು 1,75,000 ಪೌಂಡು. ಒಂದು ಗಂಟೆಯೊಳಗೆ ಅಷ್ಟೂ ಬಂತು. ಕೊನೆಗೆ ಸೇರಿದ್ದು 20 ಲಕ್ಷ ಪೌಂಡಿಗೂ ಜಾಸ್ತಿ, ಕೊಟ್ಟವರು 73,000ಕ್ಕೂ ಹೆಚ್ಚು ಜನ. ಭಾವನೂ ಕೊಟ್ಟರು. ದುಬೈಯಲ್ಲಿದ್ದಾಗ ತೆಗೆದುಕೊಂಡ ನಿಂಟೆಂಡೋ ವೀ ಯು ಕಪಾಟಿನಲ್ಲಿತ್ತು, ಅದರಲ್ಲೇ ಆಡುವುದು ಅಂತ ಬರೆಸಿದ್ದರು.

ಈಗ ಬಂದ ಕಾಗದದ ಸಾರ ಇಷ್ಟು. ವೀ ಯುಗೆ ಮಾಡಲು ಹೋಗಿ ಎಣಿಸದ ತಾಂತ್ರಿಕ ತೊಂದರೆ ಬಂತು. ಹಾಗಾಗಿ ಅದು ಇಲ್ಲ. ನಿಂಟೆಂಡೋದ ಹೊಸ ಯಂತ್ರ ಸ್ವಿಚ್‌ಗೆ ಮಾಡುತ್ತೇವೆ. ವೀ ಯು ಅಂತ ಬರೆಸಿದವರು ಬೇರೆ ಯಂತ್ರಕ್ಕೆ ಬದಲಾಯಿಸಿಕೊಳ್ಳಿ.

ಭಾವನ ಮುಖ ಇಳಿದಿತ್ತು. ನನಗೆ ಮಾತ್ರ ಹೊಟ್ಟೆಕಿಚ್ಚು.

ನೋಡಿ ಮಾರಾಯ್ರೆ, ನಾನು ಹುಟ್ಟಿದಾರಭ್ಯ ಮಂಗಳೂರಿನಲ್ಲಿದ್ದೇನೆ. ಈ ಕೆಲಸ ಆಗುವುದಿಲ್ಲ ಅಂತ ಯಾರಾದರೂ ಬರೆದು ತಿಳಿಸಿದ್ದು ನಾನು ಕಂಡಿಲ್ಲ. ನಮ್ಮಲ್ಲಿ ಯಾವುದೂ ರದ್ದಾಗುವುದಿಲ್ಲ. ಪ್ರಗತಿಯಲ್ಲಿರುತ್ತದೆ. ಯಾಕೆಂದರೆ ರದ್ದು ಮಾಡಬೇಕಾದರೆ ಯಾರಾದರೂ ಫೈಲು ಬಿಚ್ಚಬೇಕು, ಓದಬೇಕು, ಕೆಳಗೆ ಸಹಿ ಹಾಕಬೇಕು. ಪ್ರಗತಿಯಲ್ಲಿದೆ ಅನ್ನುವುದಕ್ಕೆ ಫೈಲು ಎಲ್ಲಿದೆ ಅಂತ ಗೊತ್ತಿರಬೇಕೆಂದೂ ಇಲ್ಲ.

ಪಂಪ್‌ವೆಲ್ ಫ್ಲೈಓವರನ್ನೇ ತೆಗೆದುಕೊಳ್ಳಿ. ಕೆಲಸ ಶುರುವಾದದ್ದು 2010ರಲ್ಲಿ. ವೀ ಯು ಎಂಬ ಯಂತ್ರ ಅಂಗಡಿಗೆ ಬಂದದ್ದು 2012ರ ನವೆಂಬರಿನಲ್ಲಿ. ಅದು ಹುಟ್ಟಿತು, ನಡೆಯಲು ಕಲಿಯಿತು, ಎಡವಿತು, 2017ರ ಜನವರಿಯಲ್ಲಿ ಅದರ ತಯಾರಿಕೆಯೂ ನಿಂತಿತು. ಒಂದು ಯಂತ್ರದ ಜಾತಕರ್ಮದಿಂದ ಬೊಜ್ಜದವರೆಗೆ ಎಲ್ಲ ಮುಗಿದರೂ ಪಂಪ್‌ವೆಲ್‌ನಲ್ಲಿ ಕಂಬಗಳು ಕಂಬಗಳಾಗಿಯೇ ನಿಂತಿದ್ದವು. ಒಂದೊಂದು ಗಡುವು ಬಂದಾಗಲೂ ಊರಿಗೆ ಊರೇ ನಗುತ್ತಿತ್ತು. ವಾಟ್ಸಾಪಿನಲ್ಲಿ ಪಂಪ್‌ವೆಲ್ ಜೋಕು ಕಳಿಸದ ದಿನ ಊಟ ಸೇರದವರು ನನಗೆ ಗೊತ್ತು. (ಉಡುಪಿಯವರು ಜಾಸ್ತಿ ನಗುವುದು ಬೇಡ. ನಿಮ್ಮಲ್ಲಿ ಇಂದ್ರಾಳಿ ಸೇತುವೆ ಇತ್ತು.)

ಗೇಮಿನವರೆಲ್ಲ ಹರಿಶ್ಚಂದ್ರರು ಅಂತಲ್ಲ. ನಮ್ಮ ಪದ್ಧತಿಯವರು ಅಲ್ಲಿಯೂ ಇದ್ದಾರೆ. ಮೆಗಾ ಮ್ಯಾನ್ ಆಟಗಳಿಂದ ಹೆಸರು ಮಾಡಿದ ಕೇಜಿ ಇನಾಫುನೆ 2013ರಲ್ಲಿ ಮೈಟಿ ನಂಬರ್ 9 ಎಂಬ ಆಟಕ್ಕೆ ಹೀಗೆಯೇ ವಂತಿಗೆ ಎತ್ತಿದರು. ಕಿಕ್‌ಸ್ಟಾರ್ಟರ್ ಒಂದರಲ್ಲೇ 38 ಲಕ್ಷ ಡಾಲರ್ ಬಂತು. 35 ಲಕ್ಷ ದಾಟಿದರೆ ಕೈಯಲ್ಲಿ ಹಿಡಿದು ಆಡುವ 3ಡಿಎಸ್, ವೀಟಾ ಯಂತ್ರಗಳಿಗೂ ಮಾಡಿಕೊಡುತ್ತೇವೆ ಅಂದಿದ್ದರು. ದಾಟಿತು. ಆಟ 2015ರ ಏಪ್ರಿಲ್‌ನಲ್ಲಿ ಬರಬೇಕಿತ್ತು, ಮುಂದೆ ಹೋಗಿ ಹೋಗಿ 2016ರ ಜೂನ್‌ನಲ್ಲಿ ಬಂತು. ಕೈಯಲ್ಲಿ ಹಿಡಿಯುವುದು? ಅದು ಆಮೇಲೆ. ಆಮೇಲೆ ಅಂದರೆ? ಆಮೇಲೆ. ನಮ್ಮ ತುಳುವಿನಲ್ಲಿ ಇದಕ್ಕೆ "ಎಲ್ಲೆ ಬಲೆ" ಅನ್ನುತ್ತಾರೆ, ನಾಳೆ ಬನ್ನಿ. ಆ ಎರಡು ಯಂತ್ರಗಳ ಕಾಲವೇ ಮುಗಿಯಿತು, ನಾಳೆ ಬರಲಿಲ್ಲ.

ಆದರೆ ವಂತಿಗೆ ಕೊಟ್ಟವರ ಹೆಸರು ಹಾಕುವುದನ್ನು ಮಾತ್ರ ಮರೆಯಲಿಲ್ಲ. ಆಟ ಮುಗಿದ ಮೇಲೆ ಹೆಸರಿನ ಪಟ್ಟಿ ಶುರುವಾದರೆ ಸುಮಾರು ಮೂರು ಮುಕ್ಕಾಲು ಗಂಟೆ ಓಡುತ್ತದೆ. ಇದನ್ನು ಕೇಳಿ ಅತ್ತೆಗೆ ಬಹಳ ಸಮಾಧಾನವಾಯಿತು. ಬ್ರಹ್ಮಕಲಶಕ್ಕೆ ಕೊಟ್ಟ 501 ರೂಪಾಯಿಗೆ ಗೋಡೆಯ ಕಲ್ಲಿನಲ್ಲಿ ತಮ್ಮ ಹೆಸರು ತಪ್ಪಾಗಿ ಕೊರೆದದ್ದನ್ನು ಅವರು ಇನ್ನೂ ಮರೆತಿಲ್ಲ.

ತಾಂತ್ರಿಕ ತೊಂದರೆ ಅಂದರೆ ಏನು ಅಂತಲೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಕಚೇರಿಗಳ ಬೋರ್ಡಿನಲ್ಲಿ ಆ ಶಬ್ದಕ್ಕೆ ಅರ್ಥವೇ ಉಳಿದಿಲ್ಲ. ಸೂಪರ್ ಮೀಟ್ ಬಾಯ್ ಅಂತ ಒಂದು ಆಟ. ಮಾಂಸದ ಮುದ್ದೆಯಂಥ ಹುಡುಗನೊಬ್ಬ ಗರಗಸಗಳ ನಡುವೆ ಹಾರುವುದು. ಅದನ್ನು ವೀ ಯುಗಿಂತ ಮೊದಲಿನ ವೀ ಯಂತ್ರಕ್ಕೂ ಮಾಡಬೇಕೆಂದಿದ್ದರು. ಆ ಯಂತ್ರದ ಆನ್‌ಲೈನ್ ಅಂಗಡಿಯಲ್ಲಿ ಒಂದು ಆಟಕ್ಕೆ ಇದ್ದ ಮಿತಿ 40 ಎಂಬಿ. ಆಟ ಅಷ್ಟರಲ್ಲಿ ಹಿಡಿಸಲಿಲ್ಲ, ಬಿಟ್ಟರು. ಅತ್ತೆಯ ಫೋನಿಗೆ ಒಂದು ಬೆಳಗ್ಗೆ ಬರುವ ಶುಭೋದಯದ ವಿಡಿಯೋಗಳೇ ಅದಕ್ಕಿಂತ ಜಾಸ್ತಿ ತೂಗುತ್ತವೆ. ಆದರೂ ಕಾರಣ ಅಂದರೆ ಹಾಗಿರಬೇಕು. ಅಳೆಯಬಹುದು.

ಈಗ ಒಮ್ಮೆ ಎಣಿಸಿ ನೋಡಿ, ಯೂಕಾ-ಲೇಲೀಯ ವೀ ಯು ಕೆಲಸದ ಟೆಂಡರ್ ನಮ್ಮ ಊರಿಗೆ ಬಂದಿದ್ದರೆ. ಮೊದಲು ನೆಹರೂ ಮೈದಾನದಲ್ಲಿ ಗುದ್ದಲಿ ಪೂಜೆ. ಫ್ಲೆಕ್ಸಿನಲ್ಲಿ ಗೋಸುಂಬೆಗೆ ಪಾಸ್‌ಪೋರ್ಟ್ ಸೈಜಿನ ಜಾಗ, ಉಳಿದದ್ದೆಲ್ಲ ಕೈ ಮುಗಿದವರಿಗೆ. ಬಾವಲಿಗೆ ಜಾಗವೇ ಇಲ್ಲ, ಅದು ಫ್ಲೆಕ್ಸಿನ ಹಿಂದೆ ನೇತಾಡಬೇಕು. ಆಮೇಲೆ ಒಂದನೇ ಲೆವೆಲ್‌ಗೆ ಇಂಟರ್‌ಲಾಕ್ ಹಾಕುತ್ತಾರೆ. ಹಾಕಿದ ಮರುವಾರ ನೀರಿನ ಪೈಪಿನವರು ಅಗೆಯುತ್ತಾರೆ. ಅದು ಮುಚ್ಚಿದ ಮೇಲೆ ಒಳಚರಂಡಿಯವರು. ಅವರು ಹೋದ ಮೇಲೆ ಗ್ಯಾಸಿನವರು. ಎರಡನೇ ಲೆವೆಲ್‌ಗೆ ಮರಳು ಸಿಗುವುದಿಲ್ಲ. ಮರಳು ಬರುವಾಗ ಮಳೆಗಾಲ. ಮಳೆ ಬಿಟ್ಟರೆ ಚುನಾವಣಾ ನೀತಿ ಸಂಹಿತೆ. ವೀ ಯು ಅಂಗಡಿಯಿಂದ ಮಾಯವಾದ ಮೇಲೂ ಶೇಕಡಾ 85 ಮುಗಿದಿದೆ ಅಂತ ಪ್ರಕಟಣೆ. ಮರುವರ್ಷವೂ ಶೇಕಡಾ 85. ಎರಡು ಪಕ್ಷದವರು ಎರಡು ಕಡೆ ಪ್ರತಿಭಟನೆ ಮಾಡುತ್ತಾರೆ, ಆಟ ಯಾಕೆ ತಡವಾಯಿತೆಂದು ಅಲ್ಲ, ಗೋಸುಂಬೆಗೆ ಯಾರ ಹೆಸರಿಡಬೇಕು ಅಂತ. ಕೊನೆಗೆ ಉದ್ಘಾಟನೆ. ಅಷ್ಟರಲ್ಲಿ ಅದನ್ನು ಹಾಕಿ ಆಡುವ ಯಂತ್ರ ಊರಿನಲ್ಲಿ ಒಂದೇ ಒಂದು ಉಳಿದಿರುತ್ತದೆ, ಪಡೀಲಿನ ಕಪಾಟಿನಲ್ಲಿ.

ಭಾವನಿಗೆ ಇದನ್ನೆಲ್ಲ ಹೇಳಿದೆ. "ಆದರೂ ಆಟ ಸಿಗುತ್ತಿತ್ತು ಅಲ್ವಾ?" ಅಂದರು. ಹುಚ್ಚು ಅಂದರೆ ಹಾಗೆ.

ಪ್ಲೇಟೋನಿಕ್‌ನವರು ಮಾತು ಉಳಿಸಿಕೊಂಡರು. 2017ರ ಏಪ್ರಿಲ್ 11ಕ್ಕೆ ಆಟ ಬೇರೆ ಯಂತ್ರಗಳಿಗೆ ಬಂತು, ಡಿಸೆಂಬರ್ 14ಕ್ಕೆ ಸ್ವಿಚ್‌ಗೂ ಬಂತು. ಭಾವ ಸ್ವಿಚ್ ತರಿಸಿಕೊಂಡರು. ವೀ ಯುವಿನ ದೊಡ್ಡ ಪರದೆಯ ಹಿಡಿ ಈಗ ಅತ್ತೆಯ ಕೈಯಲ್ಲಿದೆ, ಹಪ್ಪಳ ಒಣಗಿಸುವಾಗ ಕಾಗೆ ಓಡಿಸಲು. ಕಂಬಳವೂ ಮತ್ತೆ ಶುರುವಾಯಿತು. ಕೊನೆಗೆ ಪಂಪ್‌ವೆಲ್ ಫ್ಲೈಓವರ್ ಕೂಡ ತೆರೆಯಿತು, 2020ರ ಜನವರಿ 31ಕ್ಕೆ. ಮೇಲೆ ಹೋದರೆ ತೊಂದರೆ ಇಲ್ಲ. ಕೆಳಗಿನ ಕಥೆ ಬೇರೆ. ಜೋರು ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ.

ಅಂಥದ್ದೇ ಒಂದು ಜುಲೈ ಸಂಜೆ ಭಾವ ಅಲ್ಲಿ ಸಿಕ್ಕಿಬಿದ್ದಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ರಿಪೇರಿಯಿಂದ ಬಿಡಿಸಿಕೊಂಡು ಬಂದ ಸ್ವಿಚ್ ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಲೆಯ ಮೇಲೆ. ಕೆಂಪು ನೀರಿನ ನಡುವೆ ಒಂದು ಚಪ್ಪಡಿಯ ಮೇಲೆ ನಿಂತುಕೊಂಡು ಮುಂದಿನ ಚಪ್ಪಡಿ ಹುಡುಕುತ್ತಿದ್ದರು. ಆ ಕಡೆ ಬಸ್ಸು ನಿಂತಿತ್ತು. ಕಂಡಕ್ಟರ್ ಫುಟ್‌ಬೋರ್ಡಿನಿಂದ ನೇತಾಡಿಕೊಂಡು ಸೀಟಿ ಊದಿ ಕರೆಯುತ್ತಿದ್ದ.

"ದುಂಬು ಪೋಲೆ ಅಣ್ಣಾ, ದುಂಬು ಪೋಲೆ!"

ಮುಂದೆ ಹೋಗಿ ಅಂತ. ಭಾವ ನೀರು ನೋಡಿದರು, ಬಸ್ಸು ನೋಡಿದರು, ತಲೆಯ ಮೇಲಿನ ತೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಾರಿದರು.