ಜರ್ಮನಿಯಲ್ಲೊಂದು ಮನೆದೇವರು ಬೇಕಾಗಿದೆ

ಮನೆದೇವರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ತಾತ ಯಾವ ಬೆಟ್ಟ ಹತ್ತಿ ಮುಡಿ ಕೊಟ್ಟಿದ್ದನೋ ಮೊಮ್ಮಗನೂ ಅದೇ ಬೆಟ್ಟ ಹತ್ತುತ್ತಾನೆ. ಮೆಟ್ಟಿಲು ಹೆಚ್ಚಾಯಿತೆಂದೋ, ಪಕ್ಕದ ಊರಿನ ದೇವರ ಪುಳಿಯೋಗರೆ ಇದಕ್ಕಿಂತ ರುಚಿಯೆಂದೋ ದೇವರನ್ನು ಬದಲಿಸಿದವರನ್ನು ನಾನಂತೂ ಕಂಡಿಲ್ಲ. ಜರ್ಮನಿಯಲ್ಲಿ ಫುಟ್‌ಬಾಲ್ ಕ್ಲಬ್ಬಿನ ವಿಚಾರವೂ ಹೆಚ್ಚುಕಡಿಮೆ ಹೀಗೆಯೇ ನಡೆದುಕೊಂಡು ಬಂದಿದೆ. ಗೆಲ್ಸೆನ್‌ಕಿರ್ಶೆನ್‌ನ ಗಣಿ ಕಾರ್ಮಿಕನ ಮೊಮ್ಮಗ ಶಾಲ್ಕೆಯವನು. ಅಲ್ಲಿಂದ ಒಂದು ಗಂಟೆಯೂ ಹಿಡಿಯದ ದಾರಿಯಲ್ಲಿರುವ ಡಾರ್ಟ್‌ಮುಂಡ್‌ನ ಉಕ್ಕಿನ ಕಾರ್ಖಾನೆಯವನ ಮೊಮ್ಮಗಳು ಬೊರೂಸಿಯಾದವಳು. ಇಬ್ಬರೂ ಪ್ರೀತಿಸಿ ಮದುವೆಯಾದರೆ ಅದು ಅಂತರ್ಜಾತಿ ವಿವಾಹ. ಇಂಥ ವ್ಯವಸ್ಥೆಯೊಳಗೆ ಚಪ್ಪಲಿ ಕಳಚದೆಯೇ ಕಾಲಿಟ್ಟು, "ನಿಮ್ಮಲ್ಲಿ ಯಾವ ದೇವರು ಒಳ್ಳೆಯದು? ಹೋಲಿಸಿ ನೋಡಲು ಪಟ್ಟಿಯೇನಾದರೂ ಇದೆಯೇ?" ಎಂದು ವಿಚಾರಿಸುವವನೇ ಹೊರದೇಶದ ಅಭಿಮಾನಿ.

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿರುವ ಮಿತ್ರರೊಬ್ಬರು ಈ ವಿಚಾರಣೆಗೆ ಎಂಟು ವಾರ ತೆಗೆದುಕೊಂಡರು. ವೈಟ್‌ಫೀಲ್ಡ್‌ನಲ್ಲಿ ಫ್ಲಾಟು ಕೊಳ್ಳುವಾಗ ಮಾಡಿದ್ದ ಎಕ್ಸೆಲ್ ಶೀಟು ಅವರ ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ಅದರಲ್ಲಿ ಕಾವೇರಿ ನೀರು, ಪಾರ್ಕಿಂಗ್, ವಾಸ್ತು ಎಂದಿದ್ದ ಕಾಲಂಗಳನ್ನು ಅಳಿಸಿ ಚರಿತ್ರೆ, ಸಂಕಟ, ಆತ್ಮಸಾಕ್ಷಿ ಎಂದು ತುಂಬಿದರು. ಅಡ್ಡಸಾಲುಗಳಲ್ಲಿ ಜರ್ಮನಿಯ ಮೊದಲ ದರ್ಜೆಯ ಲೀಗಾದ ಬುಂಡೆಸ್‌ಲಿಗಾದ 18 ಕ್ಲಬ್ಬುಗಳು ಬಂದು ಕುಳಿತವು. ಇಂಗ್ಲೆಂಡಿನ ಲೀಗಿನ ಮೇಲೆ ಅವರಿಗೆ ಜುಗುಪ್ಸೆ ಬಂದು ಬಹಳ ದಿನಗಳಾಗಿದ್ದವು. ಅಲ್ಲಿ ಕೊಲ್ಲಿ ರಾಷ್ಟ್ರಗಳ ಧಣಿಗಳೂ ಅಮೆರಿಕದ ಹೂಡಿಕೆದಾರರೂ ತಂಡಗಳನ್ನು ತೋಟದಂತೆ ಕೊಂಡು ಮಾರುತ್ತಾರೆ. ಜರ್ಮನಿ ಹಾಗಲ್ಲ, ಅಲ್ಲಿ 1998ರಿಂದ '50+1' ಎಂಬ ನಿಯಮವಿದೆ. ಕ್ಲಬ್ಬು ತನ್ನ ತಂಡವನ್ನು ಕಂಪನಿ ಮಾಡಿದರೂ ಮತಗಳಲ್ಲಿ ಅರ್ಧ ಮತ್ತು ಅದರ ಮೇಲೊಂದು ಸದಸ್ಯರ ಕೈಯಲ್ಲೇ ಉಳಿಯಬೇಕು ಎಂದು ನನ್ನನ್ನು ಸೋಫಾದ ಮೇಲೆ ಕೂರಿಸಿ ಅರ್ಧ ಗಂಟೆ ವಿವರಿಸಿದರು. "ಆ ಮೇಲಿನ ಒಂದು ಇದೆಯಲ್ಲ ಸಾರ್, ಅದರಲ್ಲಿದೆ ಪ್ರಜಾಪ್ರಭುತ್ವ" ಎನ್ನುವಾಗ ಅವರ ದನಿ ಕಟ್ಟಿತು. ಔಷಧ ಕಂಪನಿಯ ಲೆವರ್‌ಕುಸೆನ್, ಕಾರು ಕಂಪನಿಯ ವೋಲ್ಫ್ಸ್‌ಬುರ್ಗ್ ಇವಕ್ಕೆ ಆ ನಿಯಮದಿಂದ ವಿನಾಯಿತಿ ಸಿಕ್ಕಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, ವಿನಾಯಿತಿಯಿಲ್ಲದ ಧರ್ಮ ಯಾವುದಿದೆ ಎಂದು ಮರುಪ್ರಶ್ನೆ ಹಾಕಿದರು.

ಮೊದಲ ಸುತ್ತಿನಲ್ಲೇ ಬಾಯರ್ನ್ ಮ್ಯೂನಿಕ್ ಹೊರಬಿತ್ತು. ಹತ್ತಿರದ ನಂಟು ಇಲ್ಲವೆಂದಲ್ಲ. ಬವೇರಿಯಾ ರಾಜ್ಯದ ಕಚೇರಿಯೇ ಬೆಂಗಳೂರಿನಲ್ಲಿದೆ. ಆದರೆ 2013ರಿಂದ 2023ರವರೆಗೆ ಸತತವಾಗಿ 11 ಸಲ ಲೀಗ್ ಗೆದ್ದ ತಂಡದ ಅಂಗಿ ತೊಟ್ಟರೆ ಗೆದ್ದೆತ್ತಿನ ಬಾಲ ಹಿಡಿದವನೆಂದು ಜನ ಆಡಿಕೊಳ್ಳುತ್ತಾರೆಂಬುದು ಮಿತ್ರರ ಅಳಕು. ಇನ್ನು ಲೈಪ್‌ಜಿಗ್‌ನಲ್ಲಿ ಬಾಲಕ್ಕಷ್ಟೇ ಅಲ್ಲ, ಇಡೀ ಗೂಳಿಗೇ ಒಡೆಯರಿದ್ದಾರೆ. 2009ರಲ್ಲಿ ರೆಡ್ ಬುಲ್ ಕಂಪನಿ ಮಾರ್ಕ್‌ರಾನ್‌ಸ್ಟೆಟ್ ಎಂಬಲ್ಲಿನ ಐದನೆಯ ದರ್ಜೆಯ ಕ್ಲಬ್ಬಿನಿಂದ ಆಡುವ ಪರವಾನಗಿಯನ್ನು ಕೊಂಡು ತಂಡ ಕಟ್ಟಿತು. ಪ್ರಾಯೋಜಕರ ಹೆಸರನ್ನು ಕ್ಲಬ್ಬಿಗೆ ಇಡುವಂತಿಲ್ಲವೆಂಬ ನಿಯಮ ಅಡ್ಡ ಬಂದಾಗ, ಜೋಯಿಸರು ಕೊಟ್ಟ ಅಕ್ಷರಕ್ಕೆ ತಕ್ಕ ಹೆಸರು ಹುಡುಕುವ ತಂದೆಯಂತೆ, ಆರ್ ಮತ್ತು ಬಿ ಅಕ್ಷರಗಳಿಗೆ ಹೊಂದುವ 'ರಾಸೆನ್‌ಬಾಲ್‌ಸ್ಪೋರ್ಟ್' ಎಂಬ ಪದವನ್ನು ಹುಟ್ಟಿಸಿತು. ಹುಲ್ಲುಹಾಸಿನ ಚೆಂಡಾಟ ಎಂದು ಅದರ ಅರ್ಥ. ಸದಸ್ಯರ ಕೈಯಲ್ಲೇ ಅಧಿಕಾರವಿರಬೇಕೆಂಬ ನಿಯಮವನ್ನೂ ಅದು ಮೀರಲಿಲ್ಲ. ಮತ ಹಾಕುವ ಹಕ್ಕುಳ್ಳ ಸದಸ್ಯರ ಸಂಖ್ಯೆಯನ್ನು ಒಂದು ಮಿನಿಬಸ್ಸಿನಲ್ಲಿ ಆರಾಮವಾಗಿ ಕೂರುವಷ್ಟಕ್ಕೆ ಇಳಿಸಿಕೊಂಡಿತು, ಅಷ್ಟೇ. 2016ರಲ್ಲಿ ಈ ತಂಡ ಕಪ್ ಪಂದ್ಯಕ್ಕೆಂದು ಡ್ರೆಸ್ಡೆನ್‌ಗೆ ಹೋದಾಗ ಎದುರಾಳಿ ಅಭಿಮಾನಿಗಳ ಕಡೆಯಿಂದ ಗೂಳಿಯ ಕಡಿದ ತಲೆಯೊಂದು ಮೈದಾನದ ಅಂಚಿಗೆ ಬಂದು ಬಿದ್ದ ವಿಷಯವನ್ನು ಓದಿದ ಮೇಲೆ, ಶುದ್ಧ ಸಸ್ಯಾಹಾರಿಗಳಾದ ಮಿತ್ರರು ಆ ಸಾಲನ್ನೇ ಅಳಿಸಿ ಕೈ ತೊಳೆದುಕೊಂಡರು.

ಹಾಫೆನ್‌ಹೈಮ್ ಸುಲಭವಾಗಿ ಒಲಿಯಬೇಕಾದ ದೇವರಾಗಿತ್ತು. ಸುಮಾರು ಮೂರು ಸಾವಿರ ಜನರಿರುವ ಆ ಹಳ್ಳಿಯ ಕ್ಲಬ್ಬನ್ನು 2008ರಲ್ಲಿ ಬುಂಡೆಸ್‌ಲಿಗಾಕ್ಕೆ ಮುಟ್ಟಿಸಿದ್ದು, ಹುಡುಗನಾಗಿದ್ದಾಗ ಅಲ್ಲೇ ಆಡಿದ್ದ ಡೀಟ್‌ಮಾರ್ ಹಾಪ್ ಅವರ ಹಣ; ಅವರು ಸ್ಯಾಪ್ ಕಂಪನಿಯ ಸ್ಥಾಪಕರಲ್ಲೊಬ್ಬರು. ಆ ಕಂಪನಿಯ ದೊಡ್ಡ ಕಚೇರಿ ನಮ್ಮ ವೈಟ್‌ಫೀಲ್ಡ್‌ನಲ್ಲೇ ಇದ್ದು, ಅದರ ತಂತ್ರಾಂಶದಲ್ಲಿ ರಜೆಯ ಅರ್ಜಿ ಹಾಕಿ ಹತಾಶರಾದವರು ಈ ಊರಿನಲ್ಲಿ ಮನೆಗೊಬ್ಬರಿದ್ದಾರೆ. ಮಿತ್ರರನ್ನು ಹಿಂಜರಿಯುವಂತೆ ಮಾಡಿದ್ದು 2020ರ ಫೆಬ್ರವರಿ 29ರ ಪಂದ್ಯ. ಬಾಯರ್ನ್ 6-0 ಮುಂದಿತ್ತು. ಅದರ ಅಭಿಮಾನಿಗಳು ಹಾಪ್ ಅವರನ್ನು ಬೈದು ಬರೆದ ಬಟ್ಟೆ ಬಿಡಿಸಿದ್ದರಿಂದ ಪಂದ್ಯ ಎರಡು ಸಲ ನಿಂತಿತು. ಆಮೇಲೆ ಉಳಿದ 13 ನಿಮಿಷಗಳನ್ನು ಎರಡೂ ತಂಡದವರು ಪ್ರತಿಭಟನೆಯ ರೂಪದಲ್ಲಿ ಹರಟೆ ಹೊಡೆಯುತ್ತ, ಚೆಂಡನ್ನು ನಿಧಾನವಾಗಿ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಮುಗಿಸಿದರು. "ನಮ್ಮ ಸೋಮವಾರದ ಮೀಟಿಂಗೂ ಇದೇ ತರಹ ಇರುತ್ತದೆ, ಶನಿವಾರವೂ ಅದನ್ನೇ ನೋಡಬೇಕೆ?" ಎಂದರು.

ಹೊರದೇಶದ ಅಭಿಮಾನಿಯ ನಿಜವಾದ ಹಸಿವು ತೆರೆದುಕೊಳ್ಳುವುದು ಸಂಕಟದ ಕಾಲಂನಲ್ಲಿ. ಹುಟ್ಟಿನಿಂದ ಬಾರದ ದುಃಖವನ್ನು ಅವನು ಎಲ್ಲಿಂದಲಾದರೂ ತರಿಸಿಕೊಳ್ಳಲೇಬೇಕು, ಮತ್ತು ಜರ್ಮನಿಯಲ್ಲಿ ಅದಕ್ಕೆ ಬರವಿಲ್ಲ. ಶಾಲ್ಕೆ ಕೊನೆಯ ಸಲ ಜರ್ಮನಿಯ ಚಾಂಪಿಯನ್ ಆದದ್ದು 1958ರಲ್ಲಿ, ಆಮೇಲೆ ಆದದ್ದಿಲ್ಲ. 2001ರ ಮೇ 19ರಂದು, ಋತುವಿನ ಕೊನೆಯ ದಿನ, ಅದು ತನ್ನ ಪಂದ್ಯವನ್ನು 5-3ರಿಂದ ಗೆದ್ದಿತು. ಹ್ಯಾಂಬರ್ಗ್‌ನಲ್ಲಿ ಬಾಯರ್ನ್ ಒಂದು ಗೋಲಿನಿಂದ ಹಿಂದಿತ್ತು; ಅದು ಸೋತರೆ ಪಟ್ಟ ಶಾಲ್ಕೆಗೆ. ಅಲ್ಲಿಯೂ ಪಂದ್ಯ ಮುಗಿಯಿತೆಂಬ ಸುಳ್ಳು ಸುದ್ದಿ ಹಬ್ಬಿ ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಒಬ್ಬರನ್ನೊಬ್ಬರು ತಬ್ಬಿ ಅಳತೊಡಗಿದರು. ಅಷ್ಟರಲ್ಲಿ ಹ್ಯಾಂಬರ್ಗ್‌ನಲ್ಲಿ ಪ್ಯಾಟ್ರಿಕ್ ಆಂಡರ್ಸನ್ ಎಂಬ ಬಾಯರ್ನ್ ರಕ್ಷಕ ಫ್ರೀ ಕಿಕ್ಕಿನಿಂದ ಚೆಂಡನ್ನು ಬಲೆಗೆ ಸೇರಿಸಿ ಪಂದ್ಯವನ್ನು ಸಮ ಮಾಡಿದ. ಬಾಯರ್ನ್‌ಗೆ ಸಾಕಾಗಿದ್ದದ್ದು ಅಷ್ಟೇ. ಸಂತೋಷದಿಂದ ಅಳುತ್ತಿದ್ದವರು ನಿಂತಲ್ಲೇ, ಕಣ್ಣೀರಿನ ಕಾರಣವನ್ನು ಮಾತ್ರ ಬದಲಿಸಿಕೊಂಡು ಅಳು ಮುಂದುವರಿಸಿದರು. ಶಾಲ್ಕೆಯ ಚಾಂಪಿಯನ್‌ಗಿರಿ ನಾಲ್ಕು ನಿಮಿಷ 38 ಸೆಕೆಂಡು ಬಾಳಿತು. ಈ ವಿಡಿಯೋವನ್ನು ಮಿತ್ರರು ನನಗೆ ಮೂರು ಸಲ ತೋರಿಸಿದರು, ಪ್ರತಿಸಲವೂ ಹೊಸದಾಗಿ ಕಣ್ಣೊರೆಸಿಕೊಂಡರು, ಹತ್ತಕ್ಕೆ ಹತ್ತು ಅಂಕ ಕೊಟ್ಟರು. 2021ರಲ್ಲೂ ಮತ್ತೆ 2023ರಲ್ಲೂ ಶಾಲ್ಕೆ ಎರಡನೆಯ ದರ್ಜೆಗೆ ಇಳಿದದ್ದು ತಿಳಿದ ಕೂಡಲೇ ಅಂಕವನ್ನು ನಾಲ್ಕಕ್ಕೆ ಇಳಿಸಿದರು. ಸಂಕಟ ಬೇಕು ನಿಜ, ಆದರೆ ಅದು ಮೊದಲ ದರ್ಜೆಯ ಸಂಕಟವಾಗಿರಬೇಕು.

ಹ್ಯಾಂಬರ್ಗ್‌ನ ಕ್ರೀಡಾಂಗಣದಲ್ಲಿ ಒಂದು ಗಡಿಯಾರವಿತ್ತು. ಬುಂಡೆಸ್‌ಲಿಗಾ ಶುರುವಾದ 1963ರಿಂದ ಒಮ್ಮೆಯೂ ಕೆಳಗಿಳಿಯದ ಏಕೈಕ ಕ್ಲಬ್ಬೆಂಬ ಹೆಮ್ಮೆಯನ್ನು ಅದು ವರ್ಷ, ದಿನ, ಗಂಟೆ, ನಿಮಿಷ, ಸೆಕೆಂಡುಗಳಲ್ಲಿ ಎಣಿಸುತ್ತಿತ್ತು. 2018ರ ಮೇ ತಿಂಗಳಲ್ಲಿ ತಂಡ ಇಳಿಯಿತು. 54 ವರ್ಷ 261 ದಿನಗಳ ಎಣಿಕೆ ನಿಂತಿತು. ಹೆಮ್ಮೆಗೆ ಗಡಿಯಾರ ಕಟ್ಟುವವರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಗಡಿಯಾರವನ್ನು ಒಡನೆಯೇ ಇಳಿಸದೆ, ಕ್ಲಬ್ಬು ಹುಟ್ಟಿದ 1887ರಿಂದ ಲೆಕ್ಕ ಹಾಕುವಂತೆ ತಿರುಗಿಸಿ ಇನ್ನೊಂದು ವರ್ಷ ಓಡಿಸಿದ್ದಕ್ಕಂತೂ ಎದ್ದು ನಿಂತು ಕೈ ಮುಗಿಯಬೇಕು. ಲೆವರ್‌ಕುಸೆನ್‌ನದು ಇನ್ನೊಂದು ಕಥೆ. 2002ರ ಮೇ ತಿಂಗಳೊಂದರಲ್ಲೇ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಕೊನೆಯ ಗಳಿಗೆಯಲ್ಲಿ ಕೈಚೆಲ್ಲಿ, 'ನೆವರ್‌ಕುಸೆನ್' ಎಂಬ ಬಿರುದು ಹೊತ್ತು ಎರಡು ದಶಕ ಕಳೆದ ಈ ತಂಡದ ಸೋಲಿನ ಮೇಲೆ ಅನೇಕ ವಿದೇಶಿ ಅಭಿಮಾನಿಗಳು ಜೀವಮಾನದ ನಂಬಿಕೆಯಿಟ್ಟಿದ್ದರು. 2022ರಲ್ಲಿ ಬಂದ ಶಾಬಿ ಅಲೊನ್ಸೊ ಎಂಬ ತರಬೇತುದಾರರು 2023-24ರಲ್ಲಿ 34 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗ್ ಗೆಲ್ಲಿಸಿಬಿಟ್ಟರು. ಸಂಕಟವನ್ನು ನೆಚ್ಚಿ ಬಂದವರಿಗೆ ಇದಕ್ಕಿಂತ ದೊಡ್ಡ ವಂಚನೆ ಇನ್ನೊಂದಿಲ್ಲ.

ಈ ಹಂತದಲ್ಲಿ ಮಿತ್ರರು ತಮ್ಮ ಆಫೀಸಿನ ಜರ್ಮನ್ ಸಹೋದ್ಯೋಗಿಯೊಬ್ಬರನ್ನು ವಿಡಿಯೋ ಕರೆಯಲ್ಲಿ ಸಂದರ್ಶಿಸಿದರು. ಅವರು ಗೆಲ್ಸೆನ್‌ಕಿರ್ಶೆನ್‌ನವರು. ಶಾಲ್ಕೆಯನ್ನು ಯಾವ ಮಾನದಂಡದ ಮೇಲೆ ಆರಿಸಿಕೊಂಡಿರಿ ಎಂಬ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ. ಸಂಪರ್ಕ ಸರಿಯಿಲ್ಲವೆಂದುಕೊಂಡು ಇಯರ್‌ಫೋನು ಬದಲಿಸಿದರು. ಎರಡನೆಯ ಸಲ ಕೇಳಿದಾಗ, "ಆರು ವರ್ಷದವನಿದ್ದೆ. ಅಪ್ಪ ಕರೆದುಕೊಂಡು ಹೋದರು. ಮಳೆ ಬರುತ್ತಿತ್ತು. ಸೋತೆವು" ಎಂದರು. ಮಿತ್ರರು ಎಕ್ಸೆಲ್ ಶೀಟಿನಲ್ಲಿ ಹೊಸದೊಂದು ಕಾಲಂ ಮಾಡಿ 'ಹವಾಮಾನ' ಎಂದು ಬರೆದುಕೊಂಡರು.

ಆಮೇಲೆ ಸ್ವಲ್ಪ ದಿನ ಗ್ಲಾಡ್‌ಬಾಖ್‌ನ ವಿಚಾರವಿತ್ತು. ಎಪ್ಪತ್ತರ ದಶಕದಲ್ಲಿ ಐದು ಸಲ ಲೀಗ್ ಗೆದ್ದ ಆ ಊರಿನ ಪೂರ್ಣ ಹೆಸರನ್ನು ನಾಲಗೆ ಹೊರಳಿಸಿ ಹೇಳಲು ಆಗದೆ ಅದನ್ನು ಕೈಬಿಟ್ಟರು; ತುಮಕೂರನ್ನು ಟುಮ್ಕೂರ್ ಎಂದವರನ್ನು ಲಿಫ್ಟಿನಲ್ಲೇ ತಡೆದು ತಿದ್ದುವವರು ಅವರು. ಕೊಲೋನ್ ಕ್ಲಬ್ಬಿಗೆ ಹೆನ್ನೆಸ್ ಎಂಬ ಜೀವಂತ ಹೋತವೇ ಲಾಂಛನ. 1950ರಲ್ಲಿ ಸರ್ಕಸ್ಸೊಂದರಿಂದ ಉಡುಗೊರೆಯಾಗಿ ಬಂದ ಮೊದಲನೆಯ ಹೆನ್ನೆಸ್‌ನಿಂದ ಹಿಡಿದು ಈಗ ಒಂಬತ್ತನೆಯ ಹೆನ್ನೆಸ್ ಪಟ್ಟಕ್ಕೆ ಬಂದಿದ್ದಾನೆ. ವಾಸ ಊರಿನ ಮೃಗಾಲಯದಲ್ಲಿ, ತವರಿನ ಪಂದ್ಯಗಳಿಗೆ ಸವಾರಿ. ಹೋತಕ್ಕೆ ಇಷ್ಟೆಲ್ಲ ರಾಜಮರ್ಯಾದೆ ಸಲ್ಲುವ ಕಡೆ ಹರಕೆಯ ಕುರಿ ಯಾರೆಂಬುದು ಮಿತ್ರರಿಗೆ ಬೇಗನೆ ಹೊಳೆಯಿತು. ಹ್ಯಾಂಬರ್ಗ್‌ನದೇ ಇನ್ನೊಂದು ಕ್ಲಬ್ಬು ಸೇಂಟ್ ಪೌಲಿ. ಬಂದರಿನ ಬಗಲಿನ ಕೇರಿ, ತಲೆಬುರುಡೆಯ ಬಾವುಟ, ಜನಾಂಗದ್ವೇಷಕ್ಕೂ ಫ್ಯಾಸಿಸ್ಟರಿಗೂ ಬಾಗಿಲಿಲ್ಲವೆಂಬ ನಿಲುವು. ಕ್ಲಬ್ಬುಗಳ ವಿಶ್ವ ಪ್ರಶಸ್ತಿ ಗೆದ್ದಿದ್ದ ಬಾಯರ್ನ್ ತಂಡವನ್ನು 2002ರಲ್ಲಿ 2-1ರಿಂದ ಸೋಲಿಸಿದಾಗ, 'ವಿಶ್ವವಿಜೇತರನ್ನು ಗೆದ್ದವರು' ಎಂದು ಅಂಗಿ ಅಚ್ಚು ಹಾಕಿಸಿ ಮಾರಿತು, ಅದೇ ಋತುವಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಕುಸಿದು ಕೆಳಗಿಳಿಯಿತು. ಬಂಡಾಯದ ಅಂಗಿಯನ್ನು ಮಿತ್ರರು ಬುಟ್ಟಿಗೆ ಹಾಕಿಯೂ ಇದ್ದರು. ಸಾಗಾಣಿಕೆ ವೆಚ್ಚವನ್ನೂ ಸುಂಕವನ್ನೂ ಕೂಡಿಸಿ ನೋಡಿದ ಮೇಲೆ ಬಂಡವಾಳಶಾಹಿಯ ವಿರುದ್ಧದ ಅವರ ಹೋರಾಟ ಆ ತಿಂಗಳ ಮಟ್ಟಿಗೆ ಮುಂದಕ್ಕೆ ಹೋಯಿತು.

ಕೊನೆಗೆ ಒಲಿದದ್ದು ಯೂನಿಯನ್ ಬರ್ಲಿನ್. 2004ರಲ್ಲಿ ಕ್ಲಬ್ಬಿನ ಬೊಕ್ಕಸ ಬರಿದಾದಾಗ ಅದರ ಅಭಿಮಾನಿಗಳು ರಕ್ತದಾನ ಮಾಡಿ, ಬಂದ ಹಣವನ್ನು ಕ್ಲಬ್ಬಿಗೆ ಕೊಟ್ಟವರು. 2003ರ ಕ್ರಿಸ್‌ಮಸ್‌ಗೆ ಮುಂಚೆ 89 ಜನ ಕತ್ತಲಲ್ಲಿ ಕ್ರೀಡಾಂಗಣದೊಳಗೆ ನುಸುಳಿ ಭಕ್ತಿಗೀತೆ ಹಾಡಿದ್ದು ಇವತ್ತು ಸಾವಿರಾರು ಮಂದಿ ಸೇರುವ ಜಾತ್ರೆಯಾಗಿದೆ. 2008-09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಕಾಂಕ್ರೀಟು ಕಲಸಿ, ಕಬ್ಬಿಣ ಹೊತ್ತು, ಸುಮಾರು 1,40,000 ಗಂಟೆ ದುಡಿದು ತಮ್ಮ ಕ್ರೀಡಾಂಗಣವನ್ನು ತಾವೇ ಹೊಸದಾಗಿ ಕಟ್ಟಿಕೊಂಡರು. ಈ ಮಾಹಿತಿಯನ್ನು ಮಿತ್ರರು ನನಗೆ ಸೋಮವಾರ ಹೇಳುವಾಗ 'ಅವರು ಕಟ್ಟಿದರು' ಎಂದರು. ಬುಧವಾರ ಅದು 'ಅಭಿಮಾನಿಗಳು ಕಟ್ಟಿದ್ದು' ಎಂದಾಯಿತು. ಶನಿವಾರ ಸಂಜೆ ಏಳಕ್ಕೆ, ಬರ್ಲಿನ್‌ನಲ್ಲಿ ಮಧ್ಯಾಹ್ನ ಮೂರೂವರೆಗೆ, ಪಂದ್ಯ ಆರಂಭವಾದಾಗ ಕೆಂಪು ಅಂಗಿ ತೊಟ್ಟು ಸೋಫಾದ ತುದಿಯಲ್ಲಿ ಕುಳಿತಿದ್ದ ಅವರು, "ನಾವು ಕಟ್ಟಿದ ಸ್ಟೇಡಿಯಂ ಸಾರ್ ಇದು, ಒಂದೊಂದು ಕಂಬವೂ" ಎಂದರು. ಮನೆಯಲ್ಲಿ ಮೊಳೆ ಹೊಡೆಯಬೇಕಾದರೂ ಅವರು ಕೆಲಸದವರನ್ನು ಕರೆಸುತ್ತಾರೆ.

ಅವರ ಭಕ್ತಿ ಉತ್ತುಂಗಕ್ಕೇರಿದ್ದು ಟೆನಿಸ್ ಚೆಂಡುಗಳ ಹಳೆಯ ದೃಶ್ಯಗಳನ್ನು ನೋಡುವಾಗ. ಲೀಗಿನ ಪ್ರಸಾರ ಆದಾಯದಲ್ಲಿ ಶೇ. 8ರಷ್ಟು ಪಾಲನ್ನು 20 ವರ್ಷಗಳ ಮಟ್ಟಿಗೆ ಹೊರಗಿನ ಹೂಡಿಕೆದಾರರಿಗೆ ಬಿಟ್ಟುಕೊಟ್ಟು ಸುಮಾರು ನೂರು ಕೋಟಿ ಯೂರೋ ಎತ್ತಲು 2023ರ ಡಿಸೆಂಬರಿನಲ್ಲಿ ಕ್ಲಬ್ಬುಗಳು ಒಪ್ಪಿದವು. ಅಭಿಮಾನಿಗಳು ಒಪ್ಪಲಿಲ್ಲ. ಊರೂರಿನ ಮೈದಾನಗಳಲ್ಲಿ ಟೆನಿಸ್ ಚೆಂಡುಗಳ ಮಳೆಯಾಯಿತು, ಬಂಗಾರದ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯಗಳು ಬಿದ್ದವು, ಒಂದು ಕಡೆ ರಿಮೋಟಿನ ಆಟಿಕೆ ಕಾರುಗಳೂ ಹೊಗೆಯುಗುಳುತ್ತ ಓಡಿಬಂದವು. ಲಕ್ಷಗಟ್ಟಲೆ ಸಂಬಳದ ಆಟಗಾರರು ಬಗ್ಗಿ ಚೆಂಡು ಹೆಕ್ಕಿ ಹೆಕ್ಕಿ ಸಾಕಾದ ಮೇಲೆ, 2024ರ ಫೆಬ್ರವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು. ಮಿತ್ರರು ಪ್ರತಿಯೊಂದು ಚೆಂಡಿಗೂ ಚಪ್ಪಾಳೆ ತಟ್ಟಿದರು. ಆ ಹಣ ಎತ್ತುವುದಕ್ಕೆ ಲೀಗ್ ಕೊಟ್ಟಿದ್ದ ಮುಖ್ಯ ಕಾರಣಗಳಲ್ಲೊಂದು ಹೊರದೇಶಗಳಲ್ಲಿ ಅಭಿಮಾನಿಗಳನ್ನು ಬೆಳೆಸುವುದಾಗಿತ್ತು, ಅಂದರೆ ಆ ಚೆಂಡುಗಳು ಹಾರಿದ್ದು ಹೆಚ್ಚುಕಡಿಮೆ ನಮ್ಮ ನಾಲ್ಕನೆಯ ಮಹಡಿಯ ಕಡೆಗೆ ಎಂದು ನಾನು ಸೂಚಿಸಿದೆ. "ಅದು ಬೇರೆ ತರಹದ ವಿದೇಶಿಯರಿಗೆ ಸಾರ್" ಎಂದು ಅವರು ಧ್ವನಿ ಜೋರು ಮಾಡಿದರು.

ಅಷ್ಟರಲ್ಲಿ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಕಾರ್ಯದರ್ಶಿ, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು. ಲಿಫ್ಟು ಕೆಟ್ಟು ಒಂಬತ್ತು ದಿನಗಳಾಗಿದ್ದವು. ಕೆಳಗೆ ಸರ್ವಸದಸ್ಯರ ಸಭೆ ಸೇರಿದೆ, ಲಿಫ್ಟಿನ ಗುತ್ತಿಗೆಯ ವಿಷಯ ಇವತ್ತು ತೀರ್ಮಾನವಾಗಲೇಬೇಕು, ಆದರೆ ಕೋರಂ ಆಗುತ್ತಿಲ್ಲ ಎಂದರು. ನಾನು ಬಾಡಿಗೆದಾರ, ನನಗೆ ಮತವಿಲ್ಲ. ಎಷ್ಟು ಜನ ಬಂದಿದ್ದಾರೆಂದು ಮಿತ್ರರು ತೆರೆಯಿಂದ ಕಣ್ಣು ತೆಗೆಯದೆ ಕೇಳಿದರು.

"ಸರಿಯಾಗಿ ಅರ್ಧ ಬಂದಿದ್ದಾರೆ ಸಾರ್. ಇನ್ನೊಬ್ಬರು ಬೇಕು."

ಆಗ ತಾನೇ ಯೂನಿಯನ್‌ಗೆ ಕಾರ್ನರ್ ಸಿಕ್ಕಿತ್ತು. ಹೋಗುವಾಗ ಬಾಗಿಲು ಎಳೆದುಕೊಂಡು ಹೋಗುವಂತೆ ಮಿತ್ರರು ಕೈಸನ್ನೆ ಮಾಡಿದರು.